ಕಲಿಕೆ ಆನ್‌ಲೈನ್ ಬೇಡ, ಚಿಕಿತ್ಸೆ ಆನ್‌ಲೈನ್ ಆಗಬಹುದು: ಗಡಿನಾಡಿನ ಕನ್ನಡಿಗರು ಈ ಗೊಂದಲವನ್ನು ಹೇಗೆ ಬಿಡಿಸಿಕೊಳ್ಳಬೇಕು?

ಮನಶ್ಶಾಸ್ತ್ರವನ್ನು ಆನ್‌ಲೈನ್ ಮತ್ತು ದೂರಶಿಕ್ಷಣದಲ್ಲಿ ಕಲಿಸುವುದನ್ನು ನಿಲ್ಲಿಸಿ ಎಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ 2025ರ ಆಗಸ್ಟ್‌ನಲ್ಲಿ ವಿಶ್ವವಿದ್ಯಾಲಯಗಳಿಗೆ ಸೂಚಿಸಿತು. ಆ ವರ್ಷದ ಜುಲೈ–ಆಗಸ್ಟ್ ಪ್ರವೇಶದಿಂದಲೇ ಇದು ಜಾರಿ. ಇನ್ನೊಂದು ಕಡೆ ಕೇಂದ್ರ ಸರ್ಕಾರದ್ದೇ ಆದ ಟೆಲಿ ಮಾನಸ್ ಸೇವೆ, ಮನಸ್ಸಿನ ತೊಂದರೆಗೆ ಫೋನ್ ಮಾಡಿ ಎಂದು ಕರೆಯುತ್ತಿದೆ. 2024ರ ಅಕ್ಟೋಬರ್ 10ರಂದು ಅದರ ಆ್ಯಪ್ ಬಂತು, ವೀಡಿಯೊ ಮೂಲಕ ಮಾತಾಡುವ ವ್ಯವಸ್ಥೆಯೂ ಶುರುವಾಯಿತು.

ಎರಡನ್ನೂ ಓದಿದವರಿಗೆ ಅನುಮಾನ ಬರುವುದು ಸಹಜ. ಆನ್‌ಲೈನಿನಲ್ಲಿ ಕಲಿಯುವುದೇ ಸರಿಯಲ್ಲ ಎಂದಾದ ವಿದ್ಯೆಯಿಂದ ಆನ್‌ಲೈನಿನಲ್ಲಿ ಚಿಕಿತ್ಸೆ ಪಡೆಯುವುದು ಸರಿಯೇ? ಕೇರಳದ ಮಂಜೇಶ್ವರ, ಕಾಸರಗೋಡು ತಾಲೂಕುಗಳ ಕನ್ನಡಿಗರಿಗೆ ಈ ಪ್ರಶ್ನೆ ಇನ್ನೂ ಹತ್ತಿರದ್ದು. ಅವರ ಸರ್ಕಾರಿ ಆರೋಗ್ಯ ವ್ಯವಸ್ಥೆ ಮಲಯಾಳದಲ್ಲಿ ನಡೆಯುತ್ತದೆ, ದೊಡ್ಡ ಆಸ್ಪತ್ರೆ ಎಂದರೆ ಮಂಗಳೂರು, ನಡುವೆ ರಾಜ್ಯದ ಗಡಿ.

ಎರಡು ಸುದ್ದಿ, ಎರಡು ವಿಷಯ

ಆಯೋಗದ ಸೂಚನೆ ಪದವಿಗೆ ಸಂಬಂಧಿಸಿದ್ದು, ಚಿಕಿತ್ಸೆಗಲ್ಲ. 2021ರ ರಾಷ್ಟ್ರೀಯ ಅಲೈಡ್ ಮತ್ತು ಆರೋಗ್ಯಸೇವಾ ವೃತ್ತಿಗಳ ಆಯೋಗ ಕಾಯ್ದೆಯ ವ್ಯಾಪ್ತಿಗೆ ಬರುವ ವಿಷಯಗಳನ್ನು ಮನೆಯಲ್ಲೇ ಕುಳಿತು ಓದಿ ಮುಗಿಸುವಂತಿಲ್ಲ ಎಂಬುದಷ್ಟೇ ಅದರ ತಾತ್ಪರ್ಯ. ಮನಶ್ಶಾಸ್ತ್ರದ ಜೊತೆಗೆ ಆಹಾರ ಮತ್ತು ಪೋಷಣಾ ವಿಜ್ಞಾನವೂ ಆ ಪಟ್ಟಿಯಲ್ಲಿದೆ. ಕಾರಣ ಸರಳ. ಸಂಕಷ್ಟದಲ್ಲಿರುವವರ ಮಾತು ಕೇಳುವ ಕೆಲಸ ಪುಸ್ತಕದಿಂದ ಬರುವುದಿಲ್ಲ. ಅನುಭವಿಗಳ ಕಣ್ಣೆದುರು ರೋಗಿಗಳೊಂದಿಗೆ ಕುಳಿತು, ತಪ್ಪು ಮಾಡಿ, ತಿದ್ದಿಸಿಕೊಂಡು ಕಲಿಯಬೇಕು. ಹಾಗೆ ಕಲಿತವರು ಮುಂದೆ ಫೋನಿನಲ್ಲಿ ಮಾತಾಡಿದರೂ ಕಲಿತ ವಿದ್ಯೆ ಅವರ ಜೊತೆಗೇ ಇರುತ್ತದೆ.

ಆದ್ದರಿಂದ ಎರಡೂ ಸುದ್ದಿಗಳು ಒಂದನ್ನೊಂದು ಹೊಡೆಯುವುದಿಲ್ಲ. ನಡುವೆ ಇಂಟರ್ನೆಟ್ ಇದೆಯೇ ಎಂಬುದು ಎರಡನೆಯ ಪ್ರಶ್ನೆ. ಆ ತುದಿಯಲ್ಲಿ ಯಾರು ಕುಳಿತಿದ್ದಾರೆ, ಯಾವ ಭಾಷೆಯಲ್ಲಿ ಕೇಳಿಸಿಕೊಳ್ಳುತ್ತಿದ್ದಾರೆ ಎಂಬುದೇ ಮೊದಲನೆಯದು.

ಆ ತುದಿಯಲ್ಲಿರುವವರು ಯಾರು?

ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ತರಬೇತಿ ಪಡೆದ ವೈದ್ಯರು. ಮಾತ್ರೆ ಬರೆಯುವ ಅಧಿಕಾರ ಇವರಿಗಿದೆ. ಕ್ಲಿನಿಕಲ್ ಸೈಕಾಲಜಿಸ್ಟರು ಮಾತಿನ ಚಿಕಿತ್ಸೆ ಮತ್ತು ಮಾನಸಿಕ ಪರೀಕ್ಷೆಗಳಲ್ಲಿ ತರಬೇತಾದವರು, ಮಾತ್ರೆ ಬರೆಯುವಂತಿಲ್ಲ. ಇವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐಯ ನೋಂದಣಿ ಸಂಖ್ಯೆ ಇರುತ್ತದೆ. ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ರೋಗಿಯ ಮನೆ, ಕೆಲಸ, ಸರ್ಕಾರಿ ಸವಲತ್ತುಗಳ ಕಡೆಯಿಂದ ನೆರವಾಗುತ್ತಾರೆ.

ಗೊಂದಲ ಇರುವುದು ‘ಕೌನ್ಸೆಲರ್’ ಎಂಬ ಪದದಲ್ಲಿ. ಎರಡು ವರ್ಷದ ಸ್ನಾತಕೋತ್ತರ ಪದವಿ ಮಾಡಿದವರೂ ಕೌನ್ಸೆಲರ್, ವಾರಾಂತ್ಯದ ಸರ್ಟಿಫಿಕೇಟ್ ಪಡೆದವರೂ ಕೌನ್ಸೆಲರ್ ಎಂದು ಬರೆದುಕೊಳ್ಳುತ್ತಾರೆ. 2021ರ ಕಾಯ್ದೆ ಇಂಥವರಿಗೂ ರಾಜ್ಯ ಮಟ್ಟದ ನೋಂದಣಿ ತರಬೇಕೆನ್ನುತ್ತದೆ. ಅದು ಪೂರ್ಣವಾಗಿ ನೆಲೆಗೊಳ್ಳುವವರೆಗೆ ಕೇಳಿ ತಿಳಿದುಕೊಳ್ಳುವ ಹೊರೆ ಸೇವೆ ಪಡೆಯುವವರದ್ದೇ. ಹಣ ಕಟ್ಟುವ ಮೊದಲು ನಾಲ್ಕು ಪ್ರಶ್ನೆ ಕೇಳಬೇಕು: ನಿಮ್ಮ ಪದವಿ ಯಾವುದು, ಎಲ್ಲಿಯದು? ನೋಂದಣಿ ಸಂಖ್ಯೆ ಏನು? ನನ್ನ ತೊಂದರೆ ನಿಮ್ಮ ಕೈ ಮೀರಿದರೆ ಯಾವ ಮನೋವೈದ್ಯರ ಬಳಿ ಕಳಿಸುತ್ತೀರಿ? ಕನ್ನಡದಲ್ಲಿ ಪೂರ್ತಿ ಮಾತಾಡಬಲ್ಲಿರಾ? ನೇರ ಉತ್ತರ ಕೊಡಲು ತಡವರಿಸುವವರನ್ನು ಬಿಟ್ಟುಬಿಡುವುದು ಒಳ್ಳೆಯದು.

ವೈದ್ಯರ ವಿಷಯದಲ್ಲಿ ನಿಯಮ ಹೆಚ್ಚು ಸ್ಪಷ್ಟ. 2020ರ ಮಾರ್ಚ್ 25ರಂದು ಹೊರಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ನೋಂದಾಯಿತ ವೈದ್ಯರು ದೇಶದ ಯಾವ ಮೂಲೆಯ ರೋಗಿಯನ್ನಾದರೂ ದೂರದಿಂದ ನೋಡಬಹುದು. ಮಂಗಳೂರು ಬಳಿಯ ದೇರಳಕಟ್ಟೆಯ ಮನೋವೈದ್ಯರು ಕಾಸರಗೋಡು ಜಿಲ್ಲೆಯ ಪೈವಳಿಕೆಯ ರೋಗಿಯನ್ನು ನೋಡಲು ರಾಜ್ಯದ ಗಡಿ ಅಡ್ಡಿಯಲ್ಲ. ವೈದ್ಯರು ಚೀಟಿಯಲ್ಲಿ ನೋಂದಣಿ ಸಂಖ್ಯೆ ತೋರಿಸಬೇಕು, ದಾಖಲೆ ಇಡಬೇಕು. ಆದರೆ ಈ ಮಾರ್ಗಸೂಚಿ ಭಾರತದ ಹೊರಗಿನವರಿಗೆ ಅನ್ವಯಿಸುವುದಿಲ್ಲ. ಕಾಸರಗೋಡಿನಿಂದ ಗಲ್ಫಿಗೆ ದುಡಿಯಲು ಹೋದವರು ಊರಿನ ವೈದ್ಯರ ಆನ್‌ಲೈನ್ ಚೀಟಿಯನ್ನೇ ನಂಬಿ ಕೂರುವಂತಿಲ್ಲ. ಅಲ್ಲಿನ ಔಷಧದ ಕಾನೂನೂ ಬೇರೆ.

ನಿದ್ರೆ ತರುವ, ಆತಂಕ ತಗ್ಗಿಸುವ ಮಾತ್ರೆಗಳಲ್ಲಿ ಹಲವು ಮಾದಕವಸ್ತು ಕಾಯ್ದೆಯ ಪಟ್ಟಿಯಲ್ಲಿವೆ. ಕೆಲವಕ್ಕೆ ಮಾತ್ರ ವಿನಾಯಿತಿ ಇದೆ, ಉಳಿದವನ್ನು ದೂರದಿಂದ ಬರೆಯುವಂತಿಲ್ಲ. ‘ನಿದ್ದೆ ಮಾತ್ರೆ ವಾಟ್ಸ್ಆ್ಯಪಿನಲ್ಲೇ ಕಳಿಸಿ’ ಎಂದಾಗ ವೈದ್ಯರು ಒಪ್ಪದಿದ್ದರೆ ಅದು ಹಟವಲ್ಲ, ಕಾನೂನು. ಈ ಮಾತ್ರೆಗಳು ಕೆಲವೇ ವಾರಗಳಲ್ಲಿ ಅಭ್ಯಾಸವಾಗಿಬಿಡುತ್ತವೆ ಎಂಬುದು ಅದರ ಹಿಂದಿನ ಕಾರಣ.

ಗಡಿನಾಡಿಗೆ ದೂರಕ್ಕಿಂತ ಭಾಷೆ ದೊಡ್ಡ ಅಡ್ಡಿ

ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ಬಸ್ಸಿದೆ, ರೈಲಿದೆ. ದಾರಿ ತೆರೆದಿರುವಾಗ ದೂರ ಅಷ್ಟು ದೊಡ್ಡದಲ್ಲ. ದಾರಿ ಮುಚ್ಚಿದರೆ ಏನಾಗುತ್ತದೆ ಎಂಬುದನ್ನು 2020ರ ಮಾರ್ಚ್ ಕೊನೆಯಲ್ಲಿ ಇಡೀ ಜಿಲ್ಲೆ ಕಂಡಿತು. ತಲಪಾಡಿಯಲ್ಲಿ ಗಡಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಬಿತ್ತು, ಮಂಗಳೂರಿನ ಆಸ್ಪತ್ರೆಗಳನ್ನೇ ನೆಚ್ಚಿದ್ದ ರೋಗಿಗಳು ಹೋಗಲಾರದೆ ಕೆಲವರು ಪ್ರಾಣ ಕಳೆದುಕೊಂಡರು. ಟೆಲಿಮೆಡಿಸಿನ್ ಮಾರ್ಗಸೂಚಿ ಬಂದದ್ದೂ ಅದೇ ದಿನಗಳಲ್ಲಿ. ಖಿನ್ನತೆಯ ಮಾತ್ರೆ ತೆಗೆದುಕೊಳ್ಳುವವರಿಗೆ ಇದರ ಅರ್ಥ ದೊಡ್ಡದು. ಆ ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಿದರೆ ತಲೆ ತಿರುಗುವುದು, ಕಿರಿಕಿರಿ, ಮೈಯಲ್ಲಿ ಕರೆಂಟ್ ಹೊಡೆದಂತಾಗುವುದು ಕಾಣಿಸಿಕೊಳ್ಳಬಹುದು. ಫೋನಿನಲ್ಲೇ ಚೀಟಿ ಮುಂದುವರಿಸಲು ಸಾಧ್ಯವಾದರೆ ಆ ಅಪಾಯ ತಪ್ಪುತ್ತದೆ.

ಉಳಿದ ದಿನಗಳಲ್ಲಿ ನಿಜವಾದ ಅಡ್ಡಿ ಭಾಷೆ. ಗಡಿನಾಡಿನ ಬಹುಪಾಲು ಜನ ಪೇಟೆಯ ವ್ಯವಹಾರಕ್ಕೆ ಬೇಕಾದಷ್ಟು ಮಲಯಾಳ ಬಲ್ಲರು. ಪಡಿತರ ಅಂಗಡಿಯಲ್ಲಿ, ವಿಲೇಜ್ ಆಫೀಸಿನಲ್ಲಿ ಅಷ್ಟು ಸಾಕು. ಮನಸ್ಸಿನ ನೋವನ್ನು ಹೇಳಲು ಅಷ್ಟು ಸಾಲದು.

ಒಂದೆರಡು ಪದ ನೋಡಿದರೆ ಸಾಕು. ಮಲಯಾಳದಲ್ಲಿ ‘ಸಂಕಟಂ’ ಎಂದರೆ ದುಃಖ. ನಮ್ಮ ಕರಾವಳಿಯ ಕನ್ನಡದಲ್ಲಿ ‘ಸಂಕಟ ಆಗ್ತದೆ’ ಎಂದು ವಯಸ್ಸಾದವರು ಹೇಳಿದರೆ ಹೊಟ್ಟೆ ತೊಳಸುವುದೋ ಎದೆಯೊಳಗಿನ ಅಸ್ವಸ್ಥತೆಯೋ ಆಗಿರಬಹುದು. ಅದು ಹೃದಯದ ತೊಂದರೆಯೂ ಆಗಿದ್ದೀತು. ಮಲಯಾಳ ಮಾತ್ರ ಬಲ್ಲ ಸಲಹೆಗಾರರು ಅದನ್ನು ದುಃಖವೆಂದು ಬರೆದುಕೊಂಡರೆ ತಪ್ಪು ಅಲ್ಲೇ ಶುರು. ‘ವಿಷಮಂ’ ಅಲ್ಲಿ ಬೇಸರ, ಕಷ್ಟ. ಕನ್ನಡದಲ್ಲಿ ‘ವಿಷಮ’ ಎಂದರೆ ಪರಿಸ್ಥಿತಿ ಕೈಮೀರಿದೆ ಎಂಬ ಧ್ವನಿ. ‘ಮಂಡೆ ಬೆಚ್ಚ’ ಎಂಬ ತುಳು ಮಾತನ್ನು ಇಲ್ಲಿನ ಕನ್ನಡಿಗರೂ ಬಳಸುತ್ತಾರೆ. ಅದು ಜ್ವರವಲ್ಲ, ತಲೆನೋವೂ ಅಲ್ಲ, ಚಿಂತೆ ತಲೆಗೇರಿದ ಸ್ಥಿತಿ. ನಮ್ಮಲ್ಲಿ ಖಿನ್ನತೆ ಬಹಳ ಸಲ ಬೇಸರದ ರೂಪದಲ್ಲಿ ಬರುವುದೂ ಇಲ್ಲ. ಸುಸ್ತು, ಗ್ಯಾಸ್ಟ್ರಿಕ್, ಮೈ ಉರಿ, ನಿದ್ದೆ ಬಾರದಿರುವುದು ಎಂದೇ ಬರುತ್ತದೆ. ಈ ಮಾತುಗಳ ಹಿಂದಿರುವುದನ್ನು ಹಿಡಿಯಲು ಭಾಷೆ ಮನೆಯದ್ದೇ ಆಗಿರಬೇಕು.

ಆನ್‌ಲೈನ್ ಚಿಕಿತ್ಸೆ ಗಡಿನಾಡಿಗೆ ಕೊಡುವ ದೊಡ್ಡ ಲಾಭ ಇದು. ಬಸ್ಸಿನ ಖರ್ಚು ಉಳಿಯುವುದು ಸಣ್ಣ ಮಾತು. ಬೆಂಗಳೂರು, ಮಂಗಳೂರು, ಧಾರವಾಡದಲ್ಲಿರುವ ಕನ್ನಡದ ತಜ್ಞರು ಎಣ್ಮಕಜೆಯ ಮನೆಗೆ ಎಟುಕುತ್ತಾರೆ. ಎಂಡೋಸಲ್ಫಾನ್ ಕೀಟನಾಶಕದಿಂದ ಸಂತ್ರಸ್ತರಾದ ಮಕ್ಕಳನ್ನು ವರ್ಷಗಟ್ಟಲೆ ಹಗಲಿರುಳು ನೋಡಿಕೊಳ್ಳುತ್ತಿರುವ ತಾಯಂದಿರು ಮಗುವನ್ನು ಬಿಟ್ಟು ಮೂರು ಗಂಟೆ ಹೊರಗೆ ಹೋಗಲಾರರು. ಅವರ ಆಯಾಸವನ್ನು ಯಾರೂ ರೋಗವೆಂದು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ವಾರಕ್ಕೊಮ್ಮೆ 45 ನಿಮಿಷದ ಫೋನ್ ಮಾತು ಅಂಥವರಿಗೆ ಸಿಗಬಹುದಾದ ಏಕೈಕ ಚಿಕಿತ್ಸೆಯಾಗಿರಬಹುದು.

ಫೋನಿನ ಚಿಕಿತ್ಸೆ ಕೆಲಸ ಮಾಡುತ್ತದೆಯೇ?

ಸೌಮ್ಯ ಮತ್ತು ಮಧ್ಯಮ ಮಟ್ಟದ ಖಿನ್ನತೆ, ಆತಂಕಗಳಿಗೆ ಹೌದು. ಯೋಚನೆ ಮತ್ತು ವರ್ತನೆಯನ್ನು ತಿದ್ದುವ ಸಿಬಿಟಿ ಎಂಬ ಚಿಕಿತ್ಸೆಯನ್ನು ತಜ್ಞರ ಮಾರ್ಗದರ್ಶನದಲ್ಲಿ ಆನ್‌ಲೈನಿನಲ್ಲಿ ಕೊಟ್ಟಾಗ, ಎದುರು ಕುಳಿತು ಕೊಟ್ಟಷ್ಟೇ ಫಲ ಕಂಡಿದೆ ಎಂದು ಹಲವು ಅಧ್ಯಯನಗಳು ಹೇಳಿವೆ. ಇಲ್ಲಿ ‘ಮಾರ್ಗದರ್ಶನದಲ್ಲಿ’ ಎಂಬ ಮಾತನ್ನು ಬಿಡುವಂತಿಲ್ಲ. ಯಾರೂ ಜೊತೆಗಿಲ್ಲದೆ ಆ್ಯಪ್ ಮಾತ್ರ ಹಿಡಿದು ಕುಳಿತವರು ಬಹುಬೇಗ ಕೈಬಿಡುತ್ತಾರೆ, ಫಲವೂ ಕಡಿಮೆ.

ನಡೆಯುವ ಬಗೆ ಹೀಗೆ. ಮೊದಲ ಭೇಟಿ ಸುಮಾರು ಒಂದು ಗಂಟೆ. ಹೆಸರು, ವಯಸ್ಸು, ಈಗ ಎಲ್ಲಿದ್ದೀರಿ, ತುರ್ತಿನಲ್ಲಿ ಯಾರಿಗೆ ಫೋನ್ ಮಾಡಬೇಕು ಎಂದು ಕೇಳಬೇಕು. ಇದನ್ನು ಕೇಳದವರು ಸುರಕ್ಷತೆಯ ಮೊದಲ ಪಾಠ ಕಲಿತಿಲ್ಲ. ಬಳಿಕ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳು. ಕಳೆದ ಎರಡು ವಾರಗಳಲ್ಲಿ ಉತ್ಸಾಹ, ನಿದ್ದೆ, ಹಸಿವು, ಏಕಾಗ್ರತೆ ಹೇಗಿತ್ತು ಎಂದು ಕೇಳಿ ಪ್ರತಿಯೊಂದಕ್ಕೂ 0ಯಿಂದ 3 ಅಂಕ. ಒಟ್ಟು 27ರಲ್ಲಿ 10 ಅಥವಾ ಹೆಚ್ಚು ಬಂದರೆ ಸರಿಯಾದ ತಪಾಸಣೆ ಬೇಕು, 20 ಅಥವಾ ಹೆಚ್ಚು ಬಂದರೆ ತೀವ್ರ. ಸಾಯುವ ಯೋಚನೆಯ ಬಗ್ಗೆ ಕೇಳುವ ಒಂಬತ್ತನೆಯ ಪ್ರಶ್ನೆಗೆ ‘ಇಲ್ಲ’ ಬಿಟ್ಟು ಬೇರೆ ಯಾವ ಉತ್ತರ ಬಂದರೂ ಒಟ್ಟು ಅಂಕ ಎಷ್ಟೇ ಇರಲಿ, ಆ ದಿನವೇ ಬಿಡಿಸಿ ಮಾತಾಡಬೇಕು. ಆತಂಕಕ್ಕೆ ಇದೇ ರೀತಿಯ ಏಳು ಪ್ರಶ್ನೆಗಳ ಜಿಎಡಿ-7 ಇದೆ. ಅಂಕಗಳು ರೋಗವನ್ನು ಸಾಬೀತು ಮಾಡುವುದಿಲ್ಲ, ಎಲ್ಲಿಗೆ ಕೈಯಿಡಬೇಕು ಎಂದು ತೋರಿಸುತ್ತವೆ ಅಷ್ಟೆ.

ಒತ್ತಡಕ್ಕೂ ಖಿನ್ನತೆಗೂ ವ್ಯತ್ಯಾಸ ತಿಳಿಯುವುದೂ ಇಲ್ಲೇ. ಮಳೆ ಬಿಡದೆ ಹೊಡೆದು ಅಡಿಕೆಗೆ ಕೊಳೆರೋಗ ಬಂದಾಗ, ಬೋರ್ಡೋ ದ್ರಾವಣ ಹೊಡೆಯಲು ಬಿಸಿಲು ಕಾಯುವ ಕೃಷಿಕನ ಕಳವಳ ಒತ್ತಡ. ಬಿಸಿಲು ಬಂದರೆ, ಕೆಲಸ ಮುಗಿದರೆ ಅದು ಇಳಿಯುತ್ತದೆ. ಬಿಸಿಲು ಬಂದರೂ ತೋಟಕ್ಕೆ ಇಳಿಯಲು ಮನಸ್ಸಾಗದೆ, ಎರಡು ವಾರಕ್ಕೂ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿ ಹುಟ್ಟದೆ, ಬೆಳಗ್ಗೆ ಮೂರಕ್ಕೇ ಎಚ್ಚರವಾಗುತ್ತಿದ್ದರೆ ಅದು ಬೇರೆ.

ಚಿಕಿತ್ಸೆ 8ರಿಂದ 16 ಭೇಟಿ, ವಾರಕ್ಕೊಂದು. ಪ್ರತಿ ಭೇಟಿಯ ಕೊನೆಗೆ ಮನೆಕೆಲಸ. ಖಿನ್ನತೆಗೆ ಸಾಮಾನ್ಯವಾಗಿ ದಿನಚರಿ ಬರೆಯುವುದರಿಂದ ಶುರು: ಯಾವ ಹೊತ್ತಿಗೆ ಏನು ಮಾಡಿದೆ, ಮನಸ್ಸು ಹತ್ತರಲ್ಲಿ ಎಷ್ಟಿತ್ತು. ಒಂದು ವಾರದ ಪಟ್ಟಿ ನೋಡಿ, ಸ್ವಲ್ಪವಾದರೂ ಹಗುರ ಅನಿಸಿದ ಕೆಲಸಗಳನ್ನು ದಿನಕ್ಕೆ ಒಂದೆರಡು ಸೇರಿಸುತ್ತಾರೆ. ‘ಮನಸ್ಸು ಬಂದಾಗ ಮಾಡುತ್ತೇನೆ’ ಎಂದರೆ ಖಿನ್ನತೆಯಲ್ಲಿ ಮನಸ್ಸು ಬರುವುದೇ ಇಲ್ಲ. ಮಾಡಿದ ಮೇಲೆ ಮನಸ್ಸು ಹಿಂಬಾಲಿಸುತ್ತದೆ, ಚಿಕಿತ್ಸೆಯ ಸೂತ್ರ ಅದು. ಆತಂಕಕ್ಕೆ ದಾರಿ ಬೇರೆ: ತಪ್ಪಿಸಿಕೊಳ್ಳುತ್ತಿರುವ ಸನ್ನಿವೇಶಗಳನ್ನು ಸುಲಭದಿಂದ ಕಷ್ಟಕ್ಕೆ ಮೆಟ್ಟಿಲಾಗಿ ಜೋಡಿಸಿ ಒಂದೊಂದನ್ನೇ ಎದುರಿಸುವುದು. ನಾಲ್ಕಾರು ವಾರ ಕಳೆದರೂ ಅಂಕ ಇಳಿಯದಿದ್ದರೆ ಯೋಜನೆ ಬದಲಿಸಬೇಕು, ಮನೋವೈದ್ಯರನ್ನು ಕಾಣಬೇಕು. ಅದೇ ದರಕ್ಕೆ ಅದೇ ಮಾತು ತಿಂಗಳುಗಟ್ಟಲೆ ನಡೆಯುತ್ತಿದ್ದರೆ ಅದು ಚಿಕಿತ್ಸೆಯಲ್ಲ. ಭೇಟಿಗೆ 1,000 ರೂಪಾಯಿ ಎಂದು ಹಿಡಿದರೂ 12 ಭೇಟಿಗೆ 12,000 ರೂಪಾಯಿ. ದರ ಮತ್ತು ಭೇಟಿಗಳ ಸಂಖ್ಯೆಯನ್ನು ಮೊದಲೇ ಕೇಳಿಕೊಳ್ಳುವುದರಲ್ಲಿ ಸಂಕೋಚ ಬೇಡ.

ವಿರೋಧಿಸುವವರು ಏನು ಹೇಳುತ್ತಾರೆ?

ಕೆಲವು ಮನೋವೈದ್ಯರ ಆಕ್ಷೇಪ ಗಟ್ಟಿಯಾಗಿದೆ. ನಡಿಗೆ, ಕೈ ನಡುಕ, ಬಟ್ಟೆಯ ಸ್ಥಿತಿ, ಬಾಯಿಯ ಮದ್ಯದ ವಾಸನೆ ಪರದೆಯಲ್ಲಿ ಗೊತ್ತಾಗುವುದಿಲ್ಲ. ಥೈರಾಯ್ಡ್ ಕಡಿಮೆಯಾದರೂ, ರಕ್ತಹೀನತೆ ಇದ್ದರೂ, ಬಿ12 ಕೊರತೆಯಾದರೂ ಖಿನ್ನತೆಯಂತೆಯೇ ಕಾಣುತ್ತದೆ. ರಕ್ತಪರೀಕ್ಷೆ ಮಾಡಿಸದೆ ಮಾತಿನ ಚಿಕಿತ್ಸೆ ಮುಂದುವರಿಸಿದರೆ ತಿಂಗಳುಗಳು ವ್ಯರ್ಥ. ಇನ್ನೂ ಅಪಾಯದ್ದು ಬೈಪೋಲಾರ್, ಅಂದರೆ ಖಿನ್ನತೆ ಮತ್ತು ಉನ್ಮಾದ ಎರಡೂ ಬಂದುಹೋಗುವ ಕಾಯಿಲೆ. ಹಿಂದೆಂದಾದರೂ ನಿದ್ದೆಯೇ ಬೇಡವೆಂಬಷ್ಟು ಹುರುಪು, ಮಿತಿಯಿಲ್ಲದ ಖರ್ಚು, ಅತಿಮಾತು ಇತ್ತೇ ಎಂದು ಕೇಳದೆ ಖಿನ್ನತೆಯ ಮಾತ್ರೆ ಮಾತ್ರ ಕೊಟ್ಟರೆ ರೋಗಿ ಉನ್ಮಾದಕ್ಕೆ ತಿರುಗಬಹುದು.

ಎರಡನೆಯ ಆಕ್ಷೇಪ ಸಾರ್ವಜನಿಕ ಆರೋಗ್ಯದ ಕಡೆಯಿಂದ. ಕೇರಳದ 14 ಜಿಲ್ಲೆಗಳಲ್ಲೂ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ. ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆಯನ್ನು ಗುರುತಿಸುವ ‘ಆಶ್ವಾಸಂ’ ಇದೆ. ಫೋನು ಇದೆಯಲ್ಲ ಎಂದು ಅಲ್ಲಿ ಕನ್ನಡ ಬಲ್ಲವರನ್ನು ನೇಮಿಸುವುದನ್ನು ಸರ್ಕಾರ ಕೈಬಿಟ್ಟರೆ ನಷ್ಟ ಗಡಿನಾಡಿಗೇ ಎಂಬ ಭಯ ಅದು. ಈ ಭಯ ಸರಿಯಾದದ್ದು. ತುರ್ತಿನಲ್ಲಿ ಬೇಕಾಗುವುದು ಹತ್ತಿರದ ಆಸ್ಪತ್ರೆಯೇ ಹೊರತು ಬೆಂಗಳೂರಿನ ಧ್ವನಿಯಲ್ಲ.

ಮೂರನೆಯದು ಗೌಪ್ಯತೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಯ ಮಾಹಿತಿಯನ್ನು ಗುಟ್ಟಾಗಿಡುವ ಹಕ್ಕನ್ನು ಕೊಟ್ಟಿದೆ. ಆದರೆ ಆ್ಯಪ್ ಕಂಪನಿಗಳು ಎಲ್ಲ ಕಡೆ ಅದನ್ನು ಪಾಲಿಸಿಲ್ಲ. ಅಮೆರಿಕದ ಬೆಟರ್‌ಹೆಲ್ಪ್ ಕಂಪನಿ ಬಳಕೆದಾರರ ಮಾಹಿತಿಯನ್ನು ಜಾಹೀರಾತು ಕಂಪನಿಗಳೊಂದಿಗೆ ಹಂಚಿಕೊಂಡ ಆರೋಪಕ್ಕೆ 2023ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್‌ನೊಂದಿಗೆ 78 ಲಕ್ಷ ಡಾಲರ್ ಕೊಡುವ ಒಪ್ಪಂದಕ್ಕೆ ಬರಬೇಕಾಯಿತು.

ಯಂತ್ರದೊಂದಿಗೆ ಮಾತಾಡಿ ಸಮಾಧಾನ ಹುಡುಕುವ ಚಾಟ್‌ಬಾಟ್‌ಗಳ ಮಾತು ಬೇರೆಯೇ. 2020ರ ಮಾರ್ಗಸೂಚಿ ಕೃತಕ ಬುದ್ಧಿಮತ್ತೆಯ ವೇದಿಕೆಗಳು ರೋಗಿಗೆ ಸಲಹೆ ಕೊಡುವಂತಿಲ್ಲ, ಔಷಧ ಬರೆಯುವಂತಿಲ್ಲ ಎಂದು ಆಗಲೇ ಹೇಳಿದೆ. ಅಮೆರಿಕದ ಇಲಿನಾಯ್ ರಾಜ್ಯ 2025ರ ಆಗಸ್ಟ್‌ನಲ್ಲಿ ಯಂತ್ರದಿಂದ ಚಿಕಿತ್ಸೆ ಕೊಡಿಸುವುದನ್ನು ಕಾನೂನಿನಿಂದ ತಡೆಯಿತು. ಚಾಟ್‌ಬಾಟಿನ ದೊಡ್ಡ ದೋಷ ಅದು ಬಳಸುವವರ ಮಾತನ್ನೇ ಒಪ್ಪುತ್ತಾ ಹೋಗುವುದು. ‘ನನ್ನಿಂದ ಎಲ್ಲರಿಗೂ ಭಾರ’ ಎಂಬ ಯೋಚನೆಯನ್ನು ಒಪ್ಪುವವರಲ್ಲ, ಮೆಲ್ಲನೆ ಪ್ರಶ್ನಿಸುವವರು ಬೇಕು.

ಎಲ್ಲಿ ಕೆಡುತ್ತದೆ, ಏನು ಮಾಡಬೇಕು

ಬಹುಪಾಲು ಆನ್‌ಲೈನ್ ಚಿಕಿತ್ಸೆ ಕೆಡುವುದು ತೀರಾ ಸಣ್ಣ ಕಾರಣಗಳಿಂದ. ಮನೆಯಲ್ಲಿ ಒಂಟಿಯಾಗಿ ಮಾತಾಡಲು ಜಾಗವಿಲ್ಲದಿದ್ದರೆ ಅತ್ತೆಯ ಬಗ್ಗೆ ಸೊಸೆ, ಮಗನ ಬಗ್ಗೆ ತಂದೆ ನಿಜ ಹೇಳಲಾರರು. ಚಾವಡಿಯಲ್ಲಿ ಕುಳಿತು ಆಡಿದ ಮಾತಿಗೆ ಅರ್ಥವಿಲ್ಲ. ತೋಟದ ಪಂಪ್ ಶೆಡ್ಡಿನ ಬಳಿ, ನಿಲ್ಲಿಸಿದ ಕಾರಿನಲ್ಲಿ, ಫ್ಯಾನ್ ಹಾಕಿದ ಕೋಣೆಯಲ್ಲಿ, ಇಯರ್‌ಫೋನ್ ಹಾಕಿ ಕೂರಬೇಕು. ಇಯರ್‌ಫೋನಿದ್ದರೆ ಆ ಕಡೆಯ ಪ್ರಶ್ನೆ ಬೇರೆಯವರಿಗೆ ಕೇಳುವುದಿಲ್ಲ. ಮನೆಯಲ್ಲಿ ಹೊಡೆಯುವವರೇ ಇದ್ದರೆ ವೀಡಿಯೊ ಬೇಡ. ‘ಹೌದು, ಇಲ್ಲ’ದಲ್ಲಿ ಉತ್ತರಿಸಬಹುದಾದ ಪ್ರಶ್ನೆಗಳನ್ನೇ ಕೇಳಿ ಎಂದು ಮೊದಲೇ ಹೇಳಿಡಬೇಕು.

ಆಟಿ ತಿಂಗಳ ಮಳೆಯಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ನಂಬುವಂತಿಲ್ಲ. ಒಂದು ಗಂಟೆಯ ವೀಡಿಯೊ ಕರೆಗೆ ಸುಮಾರು ಅರ್ಧದಿಂದ ಒಂದು ಜಿಬಿ ಡೇಟಾ ಬೇಕು. ಕರೆ ಕಡಿದರೆ ಯಾರು ತಿರುಗಿ ಮಾಡಬೇಕು, ಐದು ನಿಮಿಷದಲ್ಲಿ ಆಗದಿದ್ದರೆ ಮಾಮೂಲಿ ಫೋನ್ ಕರೆಗೆ ಬದಲಿಸುವುದೇ ಎಂಬುದು ಮೊದಲ ದಿನವೇ ತೀರ್ಮಾನವಾಗಬೇಕು. ಅಳುತ್ತಿರುವಾಗ ಕರೆ ಕಡಿದು, ಮತ್ತೆ ಯಾರೂ ಮಾಡದೆ ಹೋದರೆ ಆಗುವ ಗಾಯ ಸಣ್ಣದಲ್ಲ. ಬಹಳ ಮಂದಿ ಚಿಕಿತ್ಸೆ ಬಿಡುವುದು ಅಲ್ಲೇ.

ಕೆಲವು ಸಂದರ್ಭಗಳಲ್ಲಿ ಆನ್‌ಲೈನ್ ಸಾಲದು, ನೇರ ಆಸ್ಪತ್ರೆಗೇ ಹೋಗಬೇಕು: ಸಾಯುವ ಯೋಚನೆಗೆ ಯೋಜನೆಯೂ ಸೇರಿದಾಗ, ಇಲ್ಲದ ಧ್ವನಿ ಕೇಳಿಸುವಾಗ, ದಿನಗಟ್ಟಲೆ ಊಟ ನಿದ್ದೆ ಬಿಟ್ಟಾಗ, ಕುಡಿತ ನಿಲ್ಲಿಸಿದ ಒಂದೆರಡು ದಿನದಲ್ಲಿ ಮೈ ನಡುಗಿ ಗೊಂದಲ ಶುರುವಾದಾಗ. ಆಗ 112 ಅಥವಾ 108. ಜೊತೆಗಿರುವವರು ಒಂಟಿಯಾಗಿ ಬಿಡದೆ, ತೋಟದ ಕೀಟನಾಶಕ ಮತ್ತು ಮನೆಯ ಮಾತ್ರೆಗಳನ್ನು ಬೀಗ ಹಾಕಿಟ್ಟು, ಕೀಲಿಯನ್ನು ತಮ್ಮ ಬಳಿ ಇಟ್ಟುಕೊಳ್ಳಬೇಕು. ಆವೇಗ ಇಳಿಯುವವರೆಗೆ ಕೈಗೆ ಸಿಗದಂತೆ ಮಾಡುವುದರಿಂದಲೇ ಎಷ್ಟೋ ಜೀವ ಉಳಿಯುತ್ತವೆ.

14416: ಮೊದಲ ಬಾಗಿಲು

ಎಲ್ಲಿಂದ ಶುರು ಮಾಡುವುದು ಎಂದು ತಿಳಿಯದವರಿಗೆ ಟೆಲಿ ಮಾನಸ್ ಸರಿಯಾದ ಬಾಗಿಲು. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಹಣವಿಲ್ಲ. 20 ಭಾಷೆಗಳಲ್ಲಿ ಕನ್ನಡವೂ ಒಂದು. ಮೊದಲು ತರಬೇತಾದ ಸಲಹೆಗಾರರು ಮಾತಾಡುತ್ತಾರೆ, ಬೇಕಾದರೆ ತಜ್ಞರಿಗೆ ದಾಟಿಸುತ್ತಾರೆ, ಮುಂದೆ ಜಿಲ್ಲೆಯ ಆಸ್ಪತ್ರೆಗೆ ಕಳಿಸುತ್ತಾರೆ. ಕೇರಳದ್ದೇ ‘ದಿಶಾ’ ಸಹಾಯವಾಣಿ 1056 ಕೂಡ ಇದೆ. ವಾರವಾರದ ಪೂರ್ಣ ಚಿಕಿತ್ಸೆಯನ್ನು ಸಹಾಯವಾಣಿಯಿಂದ ನಿರೀಕ್ಷಿಸಬಾರದು; ಮೊದಲ ತಪಾಸಣೆ, ಸಮಾಧಾನ, ದಾರಿ ತೋರಿಸುವುದು ಅದರ ಕೆಲಸ.

ಕರೆಯನ್ನು ಆಯಾ ರಾಜ್ಯದ ಕೇಂದ್ರಕ್ಕೆ ಜೋಡಿಸುವ ವ್ಯವಸ್ಥೆ ಇರುವುದರಿಂದ ಗಡಿಯ ಕರೆ ಕೇರಳದ ಕೇಂದ್ರಕ್ಕೆ ಹೋಗಿ ಎದುರು ಮಲಯಾಳ ಕೇಳಿಬಂದರೆ ಫೋನ್ ಇಡಬೇಕಿಲ್ಲ. ‘ನನಗೆ ಕನ್ನಡದಲ್ಲಿ ಮಾತಾಡುವವರು ಬೇಕು’ ಎಂದು ಕೂಡಲೇ ಹೇಳಬೇಕು.

ಮುಂದೆ ಏನಾಗಬಹುದು

ನೋಂದಣಿ ಬಿಗಿಯಾದಂತೆ ತರಬೇತಿಯಿಲ್ಲದ ಕೌನ್ಸೆಲರ್‌ಗಳು ಕಡಿಮೆಯಾಗುತ್ತಾರೆ. ಆದರೆ ಪದವಿಗೆ ದಾರಿ ಕಿರಿದಾದ್ದರಿಂದ ಮುಂದಿನ ಕೆಲವು ವರ್ಷ ಅರ್ಹರ ಕೊರತೆ ಹೆಚ್ಚಬಹುದು, ದರವೂ ಏರಬಹುದು. ದೂರಶಿಕ್ಷಣದಲ್ಲಿ ಓದುತ್ತಿದ್ದವರಲ್ಲಿ ಕೆಲಸ, ಸಂಸಾರ ಬಿಟ್ಟು ಹೋಗಲಾರದ ಸಣ್ಣ ಊರಿನ ಹೆಣ್ಣುಮಕ್ಕಳೂ ಇದ್ದರು. ಗಡಿನಾಡಿನ ಭಾಷೆ ಬಲ್ಲ ಸಲಹೆಗಾರರು ಅಂಥವರಿಂದಲೇ ಬರಬೇಕಿತ್ತು. ಗುಣಮಟ್ಟಕ್ಕಾಗಿ ತೆಗೆದುಕೊಂಡ ಸರಿಯಾದ ಕ್ರಮಕ್ಕೂ ಇಂಥದೊಂದು ಬೆಲೆ ಇದೆ. ಕಾಸರಗೋಡು ಜಿಲ್ಲೆಯ ಉಕ್ಕಿನಡ್ಕದ ಸರ್ಕಾರಿ ಮೆಡಿಕಲ್ ಕಾಲೇಜು ಪೂರ್ಣವಾಗಿ ಬೆಳೆದು ಅಲ್ಲಿ ಗಟ್ಟಿಯಾದ ಮನೋವೈದ್ಯ ವಿಭಾಗ, ಕನ್ನಡ–ತುಳು ಬಲ್ಲ ಸಮಾಜ ಕಾರ್ಯಕರ್ತರು ಬಂದರೆ ಫೋನು ಮತ್ತು ಆಸ್ಪತ್ರೆ ಒಂದಕ್ಕೊಂದು ಜೋಡಿಯಾಗುತ್ತವೆ.

ಅದನ್ನು ಕೇಳಲು ಗಡಿನಾಡಿನವರಿಗೆ ಆಧಾರ ಬೇಕು. ಮಾತು ನಡೆದರಾಯಿತು ಎಂದು ಕನ್ನಡಿಗರು ಮಲಯಾಳದಲ್ಲೇ ಹೇಗೋ ಹೇಳಿ ಮುಗಿಸಿದರೆ ಕನ್ನಡ ಬಲ್ಲವರು ಬೇಕೆಂಬ ಬೇಡಿಕೆ ಯಾವ ಕಡತದಲ್ಲೂ ಕಾಣಿಸುವುದಿಲ್ಲ. 14416ರಲ್ಲಿ ಭಾಷೆ ಆಯ್ದುಕೊಳ್ಳುವಾಗಲೂ, ಆರೋಗ್ಯ ಕೇಂದ್ರದ ಅರ್ಜಿಯಲ್ಲೂ, ಪಂಚಾಯತ್ ಗ್ರಾಮಸಭೆಯ ಮನವಿಯಲ್ಲೂ ಕನ್ನಡ ಎಂದೇ ಬರೆಸಬೇಕು.